ಮೂಗಬಸವನ ನೀರು

ನೀರು ಕಾಯಿಸಿ, ಅದರ ಆವಿ ಹಿಡಿದು, ಆವಿಯನ್ನು ಮತ್ತೆ ನೀರು ಮಾಡುವುದು ನನ್ನ ಕೆಲಸವಾಗಿತ್ತು. ಹೀಗೆ ಹೇಳಿದರೆ ಈಗಿನವರು ನಗುತ್ತಾರೆ. ಆಗಲೂ ನಗುತ್ತಿದ್ದರು. ಆದರೆ ಆ ನೀರನ್ನು ನಂಬಿ ನನ್ನ ತಮ್ಮ ದಿನಾ ಗುಡ್ಡದ ಹೊಟ್ಟೆಯೊಳಕ್ಕೆ ಹೋಗಿ ಬರುತ್ತಿದ್ದ. ಅವನ ಪಾದ ಹೋದದ್ದು ಆ ನೀರಿನಿಂದ. ಅಂದರೆ ನನ್ನಿಂದ.

ನಮ್ಮದು ದೇವಲಾಪುರದ ಕಡೆಯ ಹಳ್ಳಿ. ರಾಗಿ, ಹುರುಳಿ, ಹುಚ್ಚೆಳ್ಳು ಬೆಳೆಯುವ ಬೆದ್ದಲು ಭೂಮಿ. ನಾನು ಊರಿನ ಕೂಲಿಮಠದಲ್ಲಿ ಒಂದೆರಡು ವರ್ಷ ಮರಳಿನ ಮೇಲೆ ಅಕ್ಷರ ತಿದ್ದಿದ್ದೆ. ಅಷ್ಟರಲ್ಲಿ ಮದುವೆ ಮಾಡಿದರು. ಗಂಡ ಜ್ವರದಲ್ಲಿ ಹೋದ. ತೌರಿಗೆ ಬಂದೆ. ಬಂದ ವರ್ಷವೇ ಅವ್ವನೂ ಹೋದಳು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ತಮ್ಮನಿಗೆ ಆಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅವನನ್ನು ನಾನೇ ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದೆ. ಅವನು ನನ್ನನ್ನು ಅಕ್ಕಯ್ಯ ಎನ್ನುತ್ತಿದ್ದ. ಅವ್ವ ಎಂದು ಕರೆಯಲು ಅವನಿಗೆ ಬೇರೆ ಯಾರೂ ಇರಲಿಲ್ಲ.

ನಾಗಮಂಗಲಕ್ಕೂ ಕೃಷ್ಣರಾಜಪೇಟೆಗೂ ನಡುವೆ ಒಂದು ಗುಡ್ಡವಿದೆ. ಯಾವ ಕಾಲದಲ್ಲೋ ಅಲ್ಲಿ ಚಿನ್ನ ತೆಗೆಯುತ್ತಿದ್ದರೆಂದು ದನ ಕಾಯುವವರು ಹಳೆಯ ಗುಂಡಿಗಳನ್ನು ತೋರಿಸುತ್ತಿದ್ದರು. ಕನ್ನಂಬಾಡಿ ಕಟ್ಟೆ ಮುಗಿದು, ಕೆಳಗಿನ ಊರುಗಳಿಗೆ ನೀರು ಹರಿದು, ಅಲ್ಲಿಯವರು ಕಬ್ಬು ಭತ್ತ ಅಂತ ಮಾತಾಡುತ್ತಿದ್ದ ಕಾಲ. ನಮ್ಮ ಎತ್ತರದ ಸೀಮೆಗೆ ನಾಲೆ ಬರಲಿಲ್ಲ. ಗಣಿಯವರು ಬಂದರು. ಗುಡ್ಡದ ಬುಡದಿಂದ ನೇರವಾಗಿ ಒಳಕ್ಕೆ ಸುರಂಗ ಕೊರೆದರು. ಊರಿನ ಗಂಡಸರು ಕಬ್ಬಿಣದ ಟಬ್ಬುಗಳಲ್ಲಿ ಕಲ್ಲು ತುಂಬಿ, ಕಂಬಿಯ ಮೇಲೆ ಕೈಯಲ್ಲೇ ತಳ್ಳಿಕೊಂಡು ಬರುತ್ತಿದ್ದರು. ನನ್ನ ತಮ್ಮನೂ ತಳ್ಳಿದ. ಸಂಜೆ ಮನೆಗೆ ಬಂದರೆ ಮುದ್ದೆ ಮುರಿಯಲು ಬೆರಳು ಮಡಿಸಲಾಗುತ್ತಿರಲಿಲ್ಲ. ನಾನು ಮುರಿದು ಸಾರಿಗೆ ಅದ್ದಿ ಕೊಡುತ್ತಿದ್ದೆ.

ಸುರಂಗ ಉದ್ದವಾದ ಮೇಲೆ ಕೈಯಲ್ಲಿ ತಳ್ಳುವುದು ಸಾಗಲಿಲ್ಲ. ಕೋಲಾರದ ಗಣಿಯಿಂದ ಒಂದು ಹಳೆಯ ಎಂಜಿನ್ನು ತರಿಸಿದರು. ಅದು ರೈಲಿನಲ್ಲಿ ಹಿರೋಡೆಯವರೆಗೆ ಬಂತು. ಈಗ ಪಾಂಡವಪುರ ಅನ್ನುತ್ತಾರಲ್ಲ, ಆ ಊರು. ಅಲ್ಲಿಂದ ಗುಡ್ಡದವರೆಗೆ ಗಾಡಿಯ ಮೇಲೆ. ಗಾಡಿ ಹೊಡೆದವರಲ್ಲಿ ನನ್ನ ತಮ್ಮನೂ ಒಬ್ಬ. ದಾರಿಯಲ್ಲಿ ಒಂದು ಹಳ್ಳ ಇಳಿಯುವಾಗ ಭಾರಕ್ಕೆ ಎತ್ತುಗಳು ಬೆದರಿ ನಿಂತುಬಿಟ್ಟವಂತೆ. ಉಳಿದವರು ಬಾರುಕೋಲು ಎತ್ತಿದರೆ ಇವನು ನೊಗದ ಮುಂದೆ ನಿಂತು, ಎತ್ತುಗಳ ಮುಸುಡಿ ಹಿಡಿದು ಏನೋ ಮಾತಾಡುತ್ತ ಹಿಂದಕ್ಕೆ ಹೆಜ್ಜೆ ಹಾಕಿ ಹಳ್ಳ ದಾಟಿಸಿದನಂತೆ. ಕೋಲಾರದಿಂದ ಜೊತೆಗೆ ಬಂದಿದ್ದ ಮೇಸ್ತ್ರಿ ಅದನ್ನು ನೋಡಿದ್ದ. ಎಂಜಿನ್ನು ಓಡಿಸಲು ಯಾರೆಂದು ಕೇಳಿದಾಗ ಇವನ ಕಡೆ ಕೈ ತೋರಿಸಿದ.

ಎಂಜಿನ್ನು ಎಂದರೆ ನಾವು ರೈಲಿನದನ್ನು ಎಣಿಸಿಕೊಂಡಿದ್ದೆವು. ಇಳಿಸಿದಾಗ ನೋಡಿದರೆ ಮಲಗಿದ ಎಮ್ಮೆಯ ಎತ್ತರದ ಕಬ್ಬಿಣದ ಪೆಟ್ಟಿಗೆ. ಚಿಮಣಿ ಇಲ್ಲ, ಒಲೆ ಇಲ್ಲ. ಊರಿನ ಗಂಡಸರೆಲ್ಲ ಸುತ್ತ ನಿಂತರು.

"ಹೊಗೆ ಇಲ್ಲ, ಬೆಂಕಿ ಇಲ್ಲ. ಅದೆಂಗ್ಲಾ ಓಡ್ತದೆ ಇದು?"

"ಒಳಗೆ ಮಿಂಚು ತುಂಬವ್ರಂತೆ ಕಣಣ್ಣ."

"ತುಂಬಕ್ಕೆ ಅದೇನು ರಾಗಿ ಚೀಲವೇನ್ಲಾ? ಬುಡು ಬುಡು."

ನನ್ನ ತಮ್ಮ ಅದರ ಹಿಂದಿನ ಪುಟ್ಟ ಪೀಠದಲ್ಲಿ ಕೂತು ಹಿತ್ತಾಳೆಯ ಹಿಡಿ ತಿರುಗಿಸಿದ. ಅದು ಉಸಿರೇ ಇಲ್ಲದ ಹಾಗೆ ಮುಂದಕ್ಕೆ ಹೋಯಿತು. ಸದ್ದೇ ಇಲ್ಲ. ಎದುರಿಗಿದ್ದವರು ಹೋ ಎಂದು ಪಕ್ಕಕ್ಕೆ ಹಾರಿದರು. ಸದ್ದಿಲ್ಲದ್ದರಿಂದಲೇ ಕಾಲಿನಲ್ಲಿ ಒತ್ತುವ ಒಂದು ಗಂಟೆ ಅದಕ್ಕಿತ್ತು. ಅವತ್ತೇ ಯಾರೋ ಅದಕ್ಕೆ ಮೂಗಬಸವ ಎಂದು ಹೆಸರಿಟ್ಟರು. ಮನೆಮನೆಗೆ ಬರುವ ಕೋಲೆಬಸವನಿಗೆ ಕಟ್ಟುವ ಹಾಗೆ ಅದರ ಮುಂಭಾಗಕ್ಕೆ ನನ್ನ ತಮ್ಮ ಒಂದು ಕೆಂಪು ಬಟ್ಟೆ ಕಟ್ಟಿದ.

ಆ ಪೆಟ್ಟಿಗೆಯೊಳಗೆ ಸಾಲುಸಾಲಾಗಿ ಬ್ಯಾಟರಿಯ ಸೆಲ್ಲುಗಳು. ಕೆಲಸ ಮುಗಿದ ಮೇಲೆ ಅವಕ್ಕೆ ಎಣ್ಣೆ ಎಂಜಿನ್ನಿನಿಂದ ಕರೆಂಟು ತುಂಬಬೇಕು. ಬೆಳಗ್ಗೆ ಒಂದೊಂದರ ಬಿರಡೆ ತೆಗೆದು, ಒಳಗಿನ ತಗಡು ಮುಳುಗುವಷ್ಟು ನೀರು ಹಾಕಬೇಕು. ಆ ನೀರು ಮಾಡಲು ಒಬ್ಬರು ಬೇಕಾಗಿತ್ತು. ತಮ್ಮ ನನ್ನ ಹೆಸರು ಹೇಳಿದ.

"ಅಮ್ಮಾ, ಬಾವಿ ನೀರು ಬೇಡ, ಕೆರೆ ನೀರು ಬೇಡ," ಎಂದು ಮೇಸ್ತ್ರಿ ಮೊದಲ ದಿನ ಹೇಳಿದ. ಅವನ ಕನ್ನಡದಲ್ಲಿ ತಮಿಳಿನ ರಾಗವಿತ್ತು. "ನೀರಲ್ಲಿ ಉಪ್ಪು ಇರ್ತದೆ, ಕಬ್ಬಿಣ ಇರ್ತದೆ. ಅದು ಒಳಗೆ ಹೋದ್ರೆ ತಗಡು ತಿಂದ್ಬಿಡ್ತದೆ. ಒಂದೇ ದಿನಕ್ಕೆ ಅಲ್ಲ. ಮೆಲ್ಲಗೆ. ಒಂದಿನ ಗಾಡಿ ಒಳಗೇ ನಿಂತ್ಬಿಡ್ತದೆ."

ನನಗೆ ಅರ್ಥವಾಗಲಿಲ್ಲ ಎನ್ನುವ ಹಾಗಿಲ್ಲ. ನಮ್ಮ ಗುಡ್ಡದ ಬಾವಿಯ ನೀರು ಸವಳು. ಕಾಯಿಸುವ ಹಂಡೆಯ ತಳದಲ್ಲಿ ದಿನಾ ಬಿಳಿಯ ಹಕ್ಕಳೆ ಕಟ್ಟುತ್ತಿತ್ತು. ಅದನ್ನು ವಾರಕ್ಕೊಮ್ಮೆ ನಾನೇ ಕಲ್ಲಿನಿಂದ ಕೆರೆದು ತೆಗೆಯುತ್ತಿದ್ದೆ. ಬಾವಿ ನೀರಿನಲ್ಲಿ ಏನಿದೆ ಎಂದು ಆ ಗಣಿಯಲ್ಲಿ ನನಗಿಂತ ಚೆನ್ನಾಗಿ ಯಾರೂ ಕಂಡಿರಲಿಲ್ಲ.

ಒಳಗೆಲ್ಲ ಕಲಾಯಿ ಹಾಕಿದ ತಾಮ್ರದ ಹಂಡೆ, ಅದಕ್ಕೆ ಗೋಪುರದಂಥ ತಾಮ್ರದ ಮುಚ್ಚಳ, ಮುಚ್ಚಳಕ್ಕೆ ಬೆಸೆದ ಕೊಳವೆ. ಕೊಳವೆ ತಣ್ಣೀರಿನ ಬಾನಿಯೊಳಗೆ ಸುತ್ತಿ ಹೊರಗೆ ಬಂದು ಪಿಂಗಾಣಿ ಜಾಡಿಗೆ ತೊಟ್ಟು ತೊಟ್ಟಾಗಿ ನೀರು ಬಿಡುತ್ತಿತ್ತು. ನೋಡಿದವರಿಗೆ ಅದು ಇನ್ನೇನೋ ಆಗಿ ಕಾಣುತ್ತಿತ್ತು. ಒಂದು ದಿನ ಅಬಕಾರಿ ಜವಾನ ಬಂದು ಗುಡಿಸಲಿನ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಏನಮ್ಮಿ, ಹಗಲೊತ್ತಲ್ಲೇ ಇಳಿಸ್ತಾ ಕುಂತಿದ್ದೀಯಲ್ಲ. ಎಷ್ಟಿರಬೇಕು ನಿಂಗೆ ಎದೆ!"

"ನೀರು ಕನಣ್ಣ."

"ಎಲ್ಲಾರೂ ಅಂಗೇ ಅನ್ನೋದು. ಇಕ್ಕು ಒಂದ್ ತೊಟ್ಟು, ನೋಡೋವ."

ಅವನು ಅಂಗೈ ಒಡ್ಡಿ ಕುಡಿದ. ಮುಖ ಹುಳ್ಳಗಾಯಿತು. "ಥೂ, ಇದರಾಗೆ ಏನೂ ಇಲ್ವಲ್ಲಮ್ಮಿ!"

"ಏನೂ ಇರಬಾರದಂತೆ ಕನಣ್ಣ. ಅದಕ್ಕೇ ನಂಗೆ ಕೂಲಿ ಕೊಡೋದು."

ಇದನ್ನು ತಮ್ಮನಿಗೆ ಹೇಳಿದಾಗ ಅವನು ಸಾರು ನೆತ್ತಿಗೇರುವಂತೆ ನಕ್ಕ. ಆಮೇಲೆ ಎಷ್ಟೋ ದಿನ ಬೆಳಗ್ಗೆ ನಾನು ಸೆಲ್ಲುಗಳಿಗೆ ನೀರು ಹಾಕುತ್ತಿದ್ದರೆ ಪಕ್ಕದಲ್ಲಿ ನಿಂತು, "ಕುಡಿ ಬಸವ ಕುಡಿ, ಅಬಕಾರಿಯೋರು ಬರೋದ್ರಾಗೆ ಕುಡ್ಕೊಬುಡು," ಎನ್ನುತ್ತಿದ್ದ.

ಬ್ಯಾಟರಿ ತುಂಬುವಾಗ ಅದರಿಂದ ಒಂದು ಗಾಳಿ ಏಳುತ್ತದೆ, ಬೆಂಕಿ ತಗುಲಿದರೆ ಸಿಡಿಯುತ್ತದೆ. ಆದ್ದರಿಂದ ನನ್ನ ಒಲೆಯನ್ನು ಎಲ್ಲರಿಂದ ದೂರ, ಗುಡ್ಡದ ಹಿಂಬದಿಗೆ ಹಾಕಿದ್ದರು. ಬೆಳಗಿನಿಂದ ಸಂಜೆಯವರೆಗೆ ನಾನು, ಒಲೆ, ತೊಟ್ಟಿಕ್ಕುವ ನೀರು. ಎದ್ದು ಹೋಗುವಂತಿಲ್ಲ, ಹಂಡೆಯ ನೀರು ಬತ್ತಿದರೆ ತಾಮ್ರ ಸುಟ್ಟುಹೋಗುತ್ತದೆ. ನಿದ್ದೆ ಮಾಡುವಂತಿಲ್ಲ. ಮಾತಾಡಲು ಯಾರೂ ಇಲ್ಲ. ಮನೆಯಲ್ಲಾದರೂ ಅಷ್ಟೆ. ನಾನು ಗಂಡ ಸತ್ತವಳು. ಊರಿನಲ್ಲಿ ಚಪ್ಪರ ಹಾಕಿದರೆ ನಾನು ಹಿತ್ತಲಿನಲ್ಲಿ ಪಾತ್ರೆ ತಿಕ್ಕುವವಳು. ಸೆಲ್ಲುಗಳೊಳಗಿನ ಆಸಿಡ್ಡು ಸಿಡಿದು ನನ್ನ ಸೀರೆಯ ಸೆರಗಿನ ತುಂಬ ಸಣ್ಣ ಸಣ್ಣ ತೂತು ಬಿದ್ದಿದ್ದವು. ಹೆಂಗಸರು ಅದನ್ನೂ ನೋಡಿ ದೂರ ಸರಿಯುತ್ತಿದ್ದರು.

ಗುಡ್ಡದ ಮುಂಬದಿಯಲ್ಲಿ ಒಂದು ತಗಡಿನ ಚಪ್ಪರವಿತ್ತು. ಅಲ್ಲಿ ಊರಿನ ಹೆಂಗಸರು ಸಾಲಾಗಿ ಕೂತು ಬಿಳಿಯ ಬೆಣಚುಕಲ್ಲನ್ನು ಕರಿಕಲ್ಲಿನಿಂದ ಬೇರೆ ಮಾಡುತ್ತಿದ್ದರು. ಗಾಳಿ ಆ ಕಡೆಯಿಂದ ಬೀಸಿದರೆ ಅವರ ನಗು ನನ್ನ ಗುಡಿಸಲಿನವರೆಗೂ ಬರುತ್ತಿತ್ತು. ಒಂದು ದಿನ ನಾನು ಬಾವಿಯಿಂದ ನೀರು ತರುತ್ತಿದ್ದಾಗ ಅವರು ಸೋಬಾನೆ ಪದ ಹಾಡುತ್ತಿದ್ದರು. ಅವರಲ್ಲೊಬ್ಬ ಹುಡುಗಿಗೆ ಮದುವೆ ಗೊತ್ತಾಗಿತ್ತು. ಪದ ನಡುವೆ ಮರೆತುಹೋಗಿ ನಿಂತಿತು. ನನಗೆ ಆ ಪದ ಬರುತ್ತಿತ್ತು. ನಮ್ಮವ್ವ ನಮ್ಮ ಸುತ್ತಿನಲ್ಲೆಲ್ಲ ಸೋಬಾನೆಗೆ ಹೆಸರಾದವಳು. ನಾನು ಕೊಡ ಹೊತ್ತುಕೊಂಡು ನಿಂತೇಬಿಟ್ಟೆ.

"ಬಾ ಅಕ್ಕ, ಏಳ್ಕೊಡು. ನಿಮ್ಮವ್ವನ ಪದ ಎಲ್ಲ ನಿಂಗೆ ಬತ್ತವಂತಲ್ಲ," ಎಂದಳು ಮದುವೆಯ ಹುಡುಗಿ.

"ನಾನು ಏಳಬಾರದು ಕನವ್ವ."

"ಅದು ಊರ ಚಪ್ಪರದಾಗೆ. ಇಲ್ಲಿ ಯಾರು ನೋಡ್ತಾರೆ, ಈ ಕಲ್ಲಾ?"

ಎಲ್ಲರೂ ನಕ್ಕು ಸರಿದು ಜಾಗ ಮಾಡಿಕೊಟ್ಟರು. ನಾನು ಕೂತೆ. ಗಂಡ ಸತ್ತ ಮೇಲೆ ನನ್ನ ಬಾಯಲ್ಲಿ ಸೋಬಾನೆ ಬಂದದ್ದು ಅದೇ ಮೊದಲು. ಮೊದಲು ಗಂಟಲು ಏಳಲಿಲ್ಲ. ಆಮೇಲೆ ಎದ್ದಿತು. ಒಂದು ಪದ ಮುಗಿದರೆ ಇನ್ನೊಂದು ಎನ್ನುತ್ತಿದ್ದರು. ಅವರ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ಎಷ್ಟು ಹೊತ್ತು ಕೂತೆನೋ ತಿಳಿಯದು.

ಗುಡಿಸಲಿಗೆ ಬಂದಾಗ ಸುಟ್ಟ ವಾಸನೆ. ಹಂಡೆ ಬತ್ತಿ ಕೆಂಪಗೆ ಕಾದಿತ್ತು. ಮುಚ್ಚಳದ ಬೆಸುಗೆ ಕರಗಿ ಕೊಳವೆ ಕಳಚಿ ಬಾನಿಯೊಳಗೆ ಬಿದ್ದಿತ್ತು.

ಆಗ ಓಡಿಹೋಗಿ ಹೇಳಬೇಕಿತ್ತು. ಮೇಸ್ತ್ರಿ ಆ ವಾರವೇ ಮಗಳ ಮದುವೆಗೆಂದು ಒಂದೆರಡು ತಿಂಗಳ ರಜೆ ಹಾಕಿ ಕೋಲಾರಕ್ಕೆ ಹೋಗಿದ್ದ. ತಮ್ಮನಿಗೆ ಹೇಳಬಹುದಿತ್ತು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ? ಗಂಡ ಸತ್ತವಳು ಕೆಲಸ ಬಿಟ್ಟು ಸೋಬಾನೆ ಹೇಳಲು ಹೋಗಿದ್ದೆ ಎನ್ನಲು ನನಗೆ ಬಾಯಿ ಬರಲಿಲ್ಲ. ಊರಿಗೆ ಗೊತ್ತಾದರೆ ಆ ಹುಡುಗಿಯ ಮದುವೆಗೇ ಅಪಶಕುನವೆಂದು ನನ್ನ ಮೇಲೆ ಬೀಳುತ್ತಾರೆ ಎಂಬ ಹೆದರಿಕೆಯೂ ಇತ್ತು. ಕಲಾಯಿ ಹಾಕುವ ಸಾಬರು ಊರೂರು ತಿರುಗುತ್ತ ಬರುತ್ತಾರೆ, ಬಂದಾಗ ಬೆಸುಗೆ ಹಾಕಿಸಿಬಿಡೋಣ, ಅಲ್ಲಿಯವರೆಗೆ ಹೇಗೋ ಸಾಗಲಿ ಎಂದುಕೊಂಡೆ.

ಜಾಡಿಯಲ್ಲಿ ಉಳಿದಿದ್ದ ನೀರು ಎರಡು ದಿನಕ್ಕೆ ಮುಗಿಯಿತು. ಮಾರನೆಯ ಬೆಳಗ್ಗೆ ಬಾವಿ ನೀರನ್ನು ಸೀರೆಯ ನಾಲ್ಕು ಮಡಿಕೆಯಲ್ಲಿ ಸೋಸಿದೆ. ತಿಳಿಯಾಗಿಯೇ ಕಂಡಿತು. ಒಂದೊಂದೇ ಸೆಲ್ಲಿಗೆ ಹಾಕಿದೆ. ಅವತ್ತು ಮೂಗಬಸವ ಎಂದಿನಂತೆ ಹೋದ, ಎಂದಿನಂತೆ ಬಂದ. ಮರುದಿನವೂ ಅಷ್ಟೆ. ಏನೂ ಆಗುವುದಿಲ್ಲವೆಂದು ಧೈರ್ಯ ಬಂತು. ಗುಡಿಸಲಿನಲ್ಲಿ ಹೊಗೆ ಕಾಣಬೇಕಲ್ಲ ಎಂದು ಸುಮ್ಮನೆ ಒಲೆ ಹಚ್ಚಿಟ್ಟು ಚಪ್ಪರಕ್ಕೆ ಹೋಗಿ ಕೂರುತ್ತಿದ್ದೆ. ಕಾಯಬೇಕಾದ ಹಂಡೆಯೇ ಇಲ್ಲದ ಮೇಲೆ ಯಾರೂ ನನ್ನನ್ನು ಹಿಡಿದಿಡುವಂತಿರಲಿಲ್ಲ. ಕಲಾಯಿ ಸಾಬರು ಬರಲಿಲ್ಲ. ನಾನೂ ಅವರ ದಾರಿ ನೋಡುವುದನ್ನು ಬಿಟ್ಟೆ. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ, ಆದರೂ ಬರೆಯಬೇಕು: ನನ್ನ ಬದುಕಿನಲ್ಲಿ ನಾನು ಸಂತೋಷವಾಗಿದ್ದದ್ದು ಆ ಕೆಲವು ವಾರ.

ಮದುವೆಯಾಗಿ ಆ ಹುಡುಗಿ ಹೊರಟುಹೋದ ಮೇಲೆ ಒಂದು ಸಂಜೆ ತಮ್ಮ ಊಟದ ನಡುವೆ ಕೇಳಿದ.

"ಅಕ್ಕಯ್ಯ, ಬಸವ ಯಾಕೋ ಬೇಗ ಸುಸ್ತಾಗ್ತಾವ್ನೆ ಕಣೆ. ಮೊದ್ಲು ಸಂಜೆಗಂಟ ತಡೀತಿದ್ದ. ಈಗ ಮಧ್ಯಾಹ್ನಕ್ಕೇ ಕಾಲೆಳೀತಾನೆ."

"ಭಾರ ಜಾಸ್ತಿ ಹಾಕ್ತೀರೇನೋ."

"ಅಷ್ಟೇ ಹಾಕೋದು." ಅವನು ಮುದ್ದೆ ಉರುಳಿಸಿದ. "ನೀರೇನಾರ ಹೆಚ್ಚುಕಮ್ಮಿ ಆಯ್ತಾ?"

"ನೀರಿಗೇನಾಗ್ತದೆ? ನೀರು ನೀರೇ," ಎಂದೆ. "ಮುದಿ ಗಾಡಿ ಕಣ್ಲಾ ಅದು. ಕೋಲಾರದೋರು ಸುಮ್ಕೆ ಬುಡ್ತಿದ್ರಾ?"

ಅವನು ತಲೆಯಾಡಿಸಿದ. ನನ್ನ ಮಾತನ್ನು ಅವನು ಎಂದೂ ಎರಡನೇ ಸಲ ಕೇಳಿದವನಲ್ಲ.

ಮೂಗಬಸವನ ಮುಂದಿನ ದೀಪವೂ ಅದೇ ಬ್ಯಾಟರಿಯಿಂದ ಉರಿಯುತ್ತಿತ್ತು. ದೀಪ ಕೆಂಪಗಾದರೆ ಬ್ಯಾಟರಿ ಇಳಿದಿದೆಯೆಂದು ಅರ್ಥ, ಅಲ್ಲಿಂದಲೇ ಹಿಂದಕ್ಕೆ ಬರಬೇಕು ಎಂದು ಮೇಸ್ತ್ರಿ ಹೇಳಿಕೊಟ್ಟಿದ್ದ. ಹೊರಗೆ ಬರುವಾಗ ಇಳಿಜಾರು, ಸುಲಭ. ಒಳಗೆ ಹೋಗುವಾಗ ಏರು. ಆ ಮಾತಾದ ಕೆಲವು ದಿನಕ್ಕೆ, ಒಳಗೆ ಹೋಗುವ ದಾರಿಯಲ್ಲೇ ದೀಪ ಕೆಂಪಾಯಿತು. ಆದರೆ ಒಳಗಿನವರು ಖಾಲಿ ಟಬ್ಬು ಇಲ್ಲದೆ ಕಾಯುತ್ತಿದ್ದಾರೆ, ಇನ್ನೊಂದು ಚೂರು ದೂರ, ತಲುಪಿಬಿಡುತ್ತಾನೆ ಎಂದು ತಮ್ಮ ಮುಂದಕ್ಕೆ ಹೊಡೆದ. ಏರಿನ ನಡುವೆ ಮೂಗಬಸವ ನಿಂತ. ದೀಪ ಆರಿತು. ಹಿಂದಕ್ಕೆ ಜಾರಬಾರದೆಂದು ಅವನು ಕೆಳಗಿಳಿದು, ಆ ಕತ್ತಲಲ್ಲಿ ತಡಕಾಡುತ್ತ ಚಕ್ರದ ಹಿಂದೆ ಮರದ ಅಡೆ ಇಡಲು ಹೋದ. ಅಡೆ ಸಿಕ್ಕಿಕೊಳ್ಳುವ ಮೊದಲೇ ಅದು ಜಾರಿತು. ಚಕ್ರ ಅವನ ಬಲ ಪಾದದ ಮೇಲೆ ಹೋಯಿತು. ಸದ್ದಿಲ್ಲದೆ.

ಅವನನ್ನು ಟಬ್ಬಿನಲ್ಲಿ ಮಲಗಿಸಿ ತಳ್ಳಿಕೊಂಡು ಬಂದರು. ನಾನು ಚಪ್ಪರದಲ್ಲಿದ್ದೆ. ಶ್ರೀರಂಗಪಟ್ಟಣದ ಆಸ್ಪತ್ರೆಗೆ ಒಯ್ಯಬೇಕೆಂದು ಗಾಡಿ ಕಟ್ಟಿದರು. ಹುಲ್ಲು ಹಾಸಿ ಮಲಗಿಸಿದರು. ಪಾದಕ್ಕೆ ಸುತ್ತಿದ ಬಟ್ಟೆ ಆಗಲೇ ಕಪ್ಪಾಗಿತ್ತು. ಅವನು ಕಣ್ಣು ಬಿಟ್ಟು ನನ್ನನ್ನು ಹುಡುಕಿದ.

"ಅಕ್ಕಯ್ಯ, ಅತ್ಕೊ. ಗಾಡಿ ಅತ್ಕೊ."

ನಾನು ಹತ್ತಲಿಲ್ಲ.

ಮೇಸ್ತ್ರಿ ಕೋಲಾರದಿಂದ ಬರುತ್ತಾನೆ ಎಂದು ಯಾರೋ ಅನ್ನುತ್ತಿದ್ದರು. ಅವನು ಬಂದರೆ ಮೊದಲು ಸೆಲ್ಲು ಬಿಚ್ಚುತ್ತಾನೆ, ಆಮೇಲೆ ನನ್ನ ಗುಡಿಸಲಿಗೆ ಬರುತ್ತಾನೆ, ಕಳಚಿದ ಕೊಳವೆ ನೋಡುತ್ತಾನೆ. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. "ನೀವು ನಡೀರಿ, ನಾನು ಇಂದೆ ಬತ್ತೀನಿ," ಎಂದೆ. ಗಾಡಿ ತಿರುಗಿ ಗುಡ್ಡದ ಕೆಳಗಿನ ದಾರಿಗೆ ಬಿದ್ದಿತು. ಅವನು ಕತ್ತೆತ್ತಿ ನೋಡುತ್ತಲೇ ಇದ್ದ. ಗಾಡಿ ಮರೆಯಾದ ಮೇಲೆ ನಾನು ತಾಮ್ರದ ಮುಚ್ಚಳವನ್ನೂ ಕೊಳವೆಯನ್ನೂ ಮಂಕರಿಯಲ್ಲಿ ಇಟ್ಟು, ಮೇಲೆ ಸೊಪ್ಪು ಮುಚ್ಚಿ, ತಲೆಯ ಮೇಲೆ ಹೊತ್ತು, ಅವನು ಹೋದ ದಿಕ್ಕಿಗೆ ಬೆನ್ನು ಹಾಕಿ ನಾಗಮಂಗಲಕ್ಕೆ ನಡೆದೆ.

ಅಲ್ಲಿ ತಾಮ್ರ, ಹಿತ್ತಾಳೆಯ ಕೆಲಸದವರ ಬೀದಿ ಇತ್ತು. ಒಬ್ಬ ಮುದುಕ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಏನವ್ವ, ಸಾರಾಯಿ ಸಾಮಾನಾ?"

"ಅಲ್ಲ ಕನಯ್ಯ, ನೀರಿಂದು."

"ಅಯ್ಯೋ, ನೀರು ಇಂಗೆ ಸುಡ್ತದಾ?" ಎಂದು ನಕ್ಕ. "ಯಾರೋ ಒಲೆ ಮೇಲೆ ಮಡಗ್ಬುಟ್ಟು ಮರ್ತೋಗವ್ರೆ. ನಾಳಿದ್ದು ಬಾ."

"ಇವತ್ತೇ ಆಗ್ಬೇಕು ಕನಯ್ಯ. ನಿನ್ನ ಕಾಲಿಗೆ ಬೀಳ್ತೀನಿ."

"ಕಾಲಿಗ್ಯಾಕೆ ಬೀಳ್ತೀಯವ್ವ ಇಷ್ಟಕ್ಕೆ? ಯಾರ್ದಾರ ಪ್ರಾಣ ಓಗ್ತಾ ಇದ್ದದಾ?"

ನಾನು ಅವನ ತಿದಿಯ ಪಕ್ಕದಲ್ಲಿ ಕೂತು, ಬೆಸುಗೆ ಕರಗಿ ಹರಿದು ಗಟ್ಟಿಯಾಗುವುದನ್ನು ನೋಡಿದೆ.

ಮುಚ್ಚಳವನ್ನು ಹಂಡೆಯ ಮೇಲೆ ಮತ್ತೆ ಕೂರಿಸಿ, ಶ್ರೀರಂಗಪಟ್ಟಣಕ್ಕೆ ನಾನು ಹೋಗಿ ಸೇರುವಷ್ಟರಲ್ಲಿ ಪಾದ ತೆಗೆದುಬಿಟ್ಟಿದ್ದರು. ಅವನನ್ನು ಜಗಲಿಯಲ್ಲಿ ಮಲಗಿಸಿದ್ದರು. ಅಲ್ಲಿಂದ ಕರಿಘಟ್ಟ ಕಾಣುತ್ತಿತ್ತು. ಅವನು ಗುಡ್ಡದ ಕಡೆಗೇ ಮುಖ ಮಾಡಿದ್ದ. ಪಕ್ಕದ ಮಂಚದವಳು, ಗಂಡನಿಗೆ ಗಂಜಿ ಕುಡಿಸುತ್ತಿದ್ದವಳು, "ಇವ್ಳೇನಾ ನಿಮ್ಮಕ್ಕ? ಈಗ ಬಂದ್ಲಾ?" ಎಂದಳು.

"ನಮ್ಮಕ್ಕಯ್ಯಂಗೆ ರಕ್ತ ಕಂಡ್ರೆ ಆಗಕ್ಕಿಲ್ಲ ಕನಮ್ಮ," ಎಂದ ತಮ್ಮ. "ಕೋಳಿ ಕುಯ್ಯೋವಾಗ್ಲೂ ಇತ್ಲಿಗೆ ಓಡೋಗ್ತಾಳೆ. ಅದಕ್ಕೇ ಗಾಡಿ ಅತ್ನಿಲ್ಲ."

ಅವನು ಚಿಕ್ಕವನಾಗಿದ್ದಾಗಿನಿಂದ ನಮ್ಮ ಮನೆಯಲ್ಲಿ ಕೋಳಿ ಕುಯ್ಯುತ್ತಿದ್ದವಳು ನಾನೇ.

ನಾನು ಗುಡ್ಡಕ್ಕೆ ಮರಳಿದ ಮೇಲೆ ಮೇಸ್ತ್ರಿ ಬಂದು ಸೆಲ್ಲುಗಳನ್ನು ಬಿಚ್ಚಿಸಿದ. ತಳದಲ್ಲಿ ಕಂದು ಬಗ್ಗಡ. ತಗಡುಗಳು ಕೈಗೆ ಸಿಕ್ಕರೆ ಉದುರುತ್ತಿದ್ದವು. ಮ್ಯಾನೇಜರನ್ನು ಕರೆದುಕೊಂಡು ನನ್ನ ಗುಡಿಸಲಿಗೆ ಬಂದ. ಹಂಡೆ ಕುದಿಯುತ್ತಿತ್ತು, ಕೊಳವೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಹೊಸ ಬೆಸುಗೆಯ ಮೇಲೆ ಬೆರಳಾಡಿಸಿದ.

"ಅಮ್ಮಾ, ನಾನು ಇಲ್ಲದಾಗ್ಲೂ ಈ ನೀರೇ ತಾನೇ ಹಾಕಿದ್ದು?"

"ಊಂ," ಎಂದೆ. "ಸ್ವಲ್ಪ ಸೋರ್ತಿತ್ತು. ಬೆಸುಗೆ ಹಾಕಿಸಿದೆ."

ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ತಮ್ಮನ ಕಾಲು ಹೋದವಳ ಮೇಲೆ ಅನುಮಾನಪಡುವುದು ಅವನಿಂದ ಆಗಲಿಲ್ಲವೆಂದು ಕಾಣುತ್ತದೆ. ದೀಪ ಕೆಂಪಾದ ಮೇಲೂ ಒಳಕ್ಕೆ ಹೊಡೆದದ್ದು ಡ್ರೈವರನ ತಪ್ಪು, ಹಾಗೆ ಹೊಡೆದು ಹೊಡೆದೇ ಬ್ಯಾಟರಿ ಕೆಟ್ಟಿತು ಎಂದು ತೀರ್ಮಾನವಾಯಿತು. ತಮ್ಮನಿಗೆ ಕೆಲಸ ಹೋಯಿತು. ಅವನು ಎದುರು ಹೇಳಲಿಲ್ಲ.

ಕೋಲು ಹಿಡಿದು ನಡೆಯಲು ಬಂದ ಮೇಲೆ ಅವನು ಹಿರೋಡೆಯ ಹತ್ತಿರ, ನಾಲೆಯ ಬಯಲಿನ ಒಂದು ಆಲೆಮನೆಗೆ ಸೇರಿಕೊಂಡ. ಬೆಲ್ಲ ಕಾಯಿಸುವ ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ನೂಕಿ ಉರಿ ಕಾಯುವ ಕೆಲಸ. ಕೂತು ಮಾಡುವಂಥದು. ನಾನು ಗುಡ್ಡದಲ್ಲೇ ಉಳಿದೆ. ಹೊಸ ಬ್ಯಾಟರಿ ಬಂತು, ಬೇರೆ ಡ್ರೈವರು ಬಂದ. ಆಮೇಲೆ ನಾನು ಒಲೆ ಬಿಟ್ಟು ಏಳಲಿಲ್ಲ. ಹೆಂಗಸರು ಒಂದೆರಡು ಸಲ ಕರೆದರು. ಹೋಗದಿದ್ದುದರಿಂದ ಕರೆಯುವುದನ್ನು ಬಿಟ್ಟರು. ಗಾಳಿ ಬೀಸಿದಾಗ ಅವರ ಹಾಡು ಬರುತ್ತಿತ್ತು. ನಡುವೆ ಪದ ಮರೆತು ನಿಲ್ಲುತ್ತಿತ್ತು. ಮುಂದಿನ ಸಾಲು ನನ್ನ ಬಾಯೊಳಗೇ ಇರುತ್ತಿತ್ತು. ಗಣಿಯಲ್ಲಿ ಚಿನ್ನ ಸಾಲದೆಂದು ಒಂದು ದಿನ ಅದನ್ನೂ ಮುಚ್ಚಿದರು. ಬ್ಯಾಟರಿ ಬಿಚ್ಚಿಕೊಂಡು ಹೋದರು. ಮೂಗಬಸವನ ಬರೀ ಕಬ್ಬಿಣದ ಮೈ ಸುರಂಗದ ಬಾಯಲ್ಲಿ ನಿಂತಿತ್ತು. ಕೆಂಪು ಬಟ್ಟೆ ಬಿಸಿಲಿಗೆ ಬಿಳಿಚಿಕೊಂಡಿತ್ತು.

ಪ್ರತಿ ವರ್ಷ ಕಬ್ಬು ಅರೆಯುವ ಕಾಲಕ್ಕೆ ನಾನು ತಮ್ಮನನ್ನು ನೋಡಲು ಹೋಗುತ್ತಿದ್ದೆ. ಹೊರಡುವಾಗ ಅವನು ಒಂದು ಬಿಸಿ ಬೆಲ್ಲದಚ್ಚನ್ನು ಮುತ್ತುಗದೆಲೆಯಲ್ಲಿ ಸುತ್ತಿ ನನ್ನ ಮಡಿಲಿಗೆ ಹಾಕಿ, ತಾನೂ ಗಾಡಿ ಹತ್ತಿ, ದೊಡ್ಡ ರಸ್ತೆಯವರೆಗೆ ಬಂದು ಬಸ್ಸು ಹತ್ತಿಸಿ ಹೋಗುತ್ತಿದ್ದ.

ಒಂದು ವರ್ಷ ಹೋದಾಗ ಆಲೆಮನೆಯ ಗೌಡರು ನನ್ನನ್ನು ಪಕ್ಕಕ್ಕೆ ಕರೆದರು.

"ನೋಡವ್ವ, ಎತ್ತಿನ ಗಾಣ ತೆಗೆದು ಎಣ್ಣೆ ಎಂಜಿನ್ ಗಾಣ ತಂದಿವ್ನಿ. ನಿನ್ನ ತಮ್ಮಂಗೆ ಯಂತ್ರ ಗೊತ್ತು. ಕುಂತ್ಕೊಂಡು ನೋಡ್ಕೊಳ್ಳೋ ಕೆಲಸ. ಅವನು ಕೈಯೇ ಆಕಕ್ಕಿಲ್ಲ ಅಂತಾನೆ. ಹೊಗೇಲಿ ಕುಂತು ಕುಂತು ಕಣ್ಣು ಕೆಟ್ಟೋಗ್ತಾವೆ ಅವನಿಗೆ. ನೀನಾರ ಒಂದ್ಮಾತು ಏಳು."

ನಾನು ಒಲೆ ಬಾಯಿಯ ಹತ್ತಿರ ಹೋಗಿ ಕೂತೆ. ಅವನ ಕಣ್ಣು ನಿಜವಾಗಿ ಕೆಂಪಾಗಿದ್ದವು. ರೆಪ್ಪೆಯ ಕೂದಲು ಸುಟ್ಟಿದ್ದವು.

"ಗೌಡ್ರು ಏಳೋದು ಕೇಳಬಾರದೇನ್ಲಾ?"

"ಯಂತ್ರ ನನ್ ಕೈಗೆ ಬ್ಯಾಡ ಕನಕ್ಕಯ್ಯ." ಅವನು ಸಿಪ್ಪೆ ನೂಕುತ್ತಲೇ ಹೇಳಿದ. "ಒಂದ ಕೆಡಿಸಿದ್ದು ಸಾಕು. ಬಸವ ಬಾಯಿಲ್ದೆ ಓದ್ರೂ ದೀಪ ಕೆಂಪು ಮಾಡಿ ಏಳ್ದ, ಆಗಕ್ಕಿಲ್ಲ ನನ್ ಕೈಲಿ ಅಂತ. ದಿನಾ ಏಳ್ತಿದ್ದ. ನಾನು ಕೇಳ್ನಿಲ್ಲ. ಕಾಲು ಓದದ್ದು ಸರಿಯಾಗೇ ಓಯ್ತು."

ಇಷ್ಟು ವರ್ಷ ಅವನು ಇದನ್ನು ನಂಬಿಕೊಂಡು ಕೂತಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಹಣೆಬರಹವೆಂದು ಬಿಟ್ಟಿದ್ದಾನೆ ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದು ನನಗೆ ಹಿತವಾಗಿತ್ತು.

ಹೇಳಿದೆ. ಚಪ್ಪರದ ಹಾಡು, ಕರಗಿದ ಬೆಸುಗೆ, ಸೀರೆಯಲ್ಲಿ ಸೋಸಿದ ಬಾವಿ ನೀರು, ನೀನು ಕೇಳಿದಾಗ ಸುಳ್ಳು ಹೇಳಿದ್ದು, ಮೇಸ್ತ್ರಿ ಕೇಳಿದಾಗ ಸುಳ್ಳು ಹೇಳಿದ್ದು. ಎಲ್ಲ ಅವನ ಕಡೆ ನೋಡದೆ, ಉರಿಯ ಕಡೆ ನೋಡುತ್ತ ಹೇಳಿದೆ. ಅವನ ಕೈಯಲ್ಲಿದ್ದ ಸಿಪ್ಪೆ ಕೈಯಲ್ಲೇ ಉಳಿಯಿತು. ಉರಿ ಇಳಿಯಿತು. ಮೇಲೆ ಕೊಪ್ಪರಿಗೆ ಕಲಕುತ್ತಿದ್ದವನು ಕೂಗಿದ.

"ಉರಿ ಆಕ್ಲಾ ಕುಂಟ! ಪಾಕ ಎಕ್ಕುಟ್ಟೋಯ್ತದೆ! ಅಕ್ಕ ಬಂದ್ಲು ಅಂತ ನಿದ್ದೆ ಒಡೀತಿದ್ದೀಯಾ?"

ತಮ್ಮ ಒಂದು ಹೊರೆ ನೂಕಿದ. ಉರಿ ಮತ್ತೆ ಎದ್ದಿತು.

"ಅಂಗಾದ್ರೆ ಬಸವನ್ನ ನಾನು ಕೆಡಿಸ್ನಿಲ್ಲ," ಎಂದ, ತನಗೆ ತಾನೇ ಹೇಳಿಕೊಳ್ಳುವವನ ಹಾಗೆ.

"ಇಲ್ಲ ಕನ್ಲಾ ಮಗ. ನೀನಲ್ಲ."

ಇನ್ನೊಂದು ಹೊರೆ ನೂಕಿ ಕೇಳಿದ: "ಅವತ್ತು ನೀನು ಗಾಡಿ ಅತ್ನಿಲ್ವಲ್ಲ. ಇದಕ್ಕೆಯಾ?"

"ಊಂ."

"ಎಲ್ಲಿಗೋಗಿದ್ದೆ?"

"ನಾಗಮಂಗಲಕ್ಕೆ. ಬೆಸುಗೆ ಹಾಕ್ಸಕ್ಕೆ."

ಅವನು ಕೋಲಿನಿಂದ ಬೂದಿ ಎಳೆದ. "ನಾನು ಎಲ್ಲಾರ್ಗೂ ರಕ್ತ ಅಂತ ಏಳಿದ್ದೆ," ಎಂದ. ಅಷ್ಟೇ. ಕಾಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೆಲಸ ಹೋದುದರ ಬಗ್ಗೆಯೂ ಆಡಲಿಲ್ಲ. ನಾನು ಕಾಯುತ್ತ ಕೂತೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಗಾಡಿ ಕಟ್ಟಿಸಿದ. ಬೆಲ್ಲದಚ್ಚನ್ನು ಎಂದಿನಂತೆ ಎಲೆಯಲ್ಲಿ ಸುತ್ತಿ ನನ್ನ ಮಡಿಲಿಗೆ ಹಾಕಿದ. ಗಾಡಿಯ ಹುಲ್ಲನ್ನು ಸರಿಮಾಡಿದ. ಆಮೇಲೆ ಕೋಲೂರಿಕೊಂಡು ಒಲೆಯ ಕಡೆ ಹೋದ. ಗಾಡಿ ಹೊಡೆಯುವವನು, "ನೀನು ಅತ್ತಕ್ಕಿಲ್ವೇನ್ಲಾ?" ಎಂದು ಕೂಗಿದ. "ಉರಿ ಆರೋಗ್ತದೆ, ನೀವು ನಡೀರಿ," ಎಂದು ಅಲ್ಲಿಂದಲೇ ಹೇಳಿದ. ಗಾಡಿ ನಾಲೆಯ ಏರಿಯ ಮೇಲೆ ತಿರುಗುವವರೆಗೂ ನಾನು ಕತ್ತೆತ್ತಿ ನೋಡುತ್ತಲೇ ಇದ್ದೆ. ಆಲೆಮನೆಯ ಹೊಗೆ ಮಾತ್ರ ಕಾಣುತ್ತಿತ್ತು.

ಆಮೇಲೆ ಅವನು ಹಬ್ಬಕ್ಕೂ ಊರಿಗೆ ಬರಲಿಲ್ಲ. ಹೇಳಿಕಳಿಸಲೂ ಇಲ್ಲ. ಮುಂದಿನ ವರ್ಷ ಕಬ್ಬಿನ ಕಾಲಕ್ಕೆ ನಾನು ತಡೆಯಲಾರದೆ ಹೊರಟೆ. ದೊಡ್ಡ ರಸ್ತೆಯಲ್ಲಿ ಇಳಿದು ನಾಲೆಯ ಏರಿಯ ಮೇಲೆ ನಡೆದೆ. ಆಲೆಮನೆ ಇನ್ನೂ ದೂರವಿರುವಾಗಲೇ ಎಂಜಿನ್ನಿನ ಸದ್ದು ಕೇಳಿಸಿತು. ದಡ್ ದಡ್ ಎಂದು ಬಯಲೆಲ್ಲ ತುಂಬಿತ್ತು. ಎದುರಿಗೆ ಕಬ್ಬಿನ ಹೊರೆ ಹೊತ್ತು ಬಂದವನನ್ನು, "ಎಂಜಿನ್ನು ಯಾರಪ್ಪ ನೋಡ್ಕೊಳ್ಳೋದು?" ಎಂದು ಕೇಳಿದೆ.

"ಒಬ್ಬ ಕುಂಟ ಅವ್ನೆ ಕನಮ್ಮ. ಮಗೀನಂಗೆ ನೋಡ್ಕತಾನೆ. ಎಂಜಿನ್ನಿಗೆ ಕೆಂಪು ಬಟ್ಟೆ ಕಟ್ಟವ್ನೆ. ಯಾಕೆ, ನಿಮ್ ಕಡೆಯೋನಾ?"

"ನಮ್ ಸೀಮೆಯೋನು ಅಂತ ಕೇಳಿದ್ದೆ," ಎಂದೆ.

ಅವನು ಹೋದ ಮೇಲೆ ನಾನು ಅಲ್ಲೇ ಏರಿಯ ಮೇಲೆ ಒಂದು ಹೊಂಗೆ ಮರದ ಕೆಳಗೆ ಕೂತೆ. ಮಧ್ಯಾಹ್ನದ ಊಟಕ್ಕೆ ಎಂಜಿನ್ನು ನಿಂತಿತು. ನಾನು ಕಟ್ಟಿಕೊಂಡು ಹೋಗಿದ್ದ ಮುದ್ದೆ ಬಿಚ್ಚಿ ತಿಂದೆ. ಎಂಜಿನ್ನು ಮತ್ತೆ ಶುರುವಾಯಿತು. ಅದು ಒಂದೇ ಸಮನೆ, ಎಲ್ಲೂ ಎಡವದೆ ಓಡುತ್ತಿತ್ತು. ಸಂಜೆಯ ಬಸ್ಸಿನ ಹೊತ್ತಾಗುವವರೆಗೆ ಕೇಳಿಸಿಕೊಂಡು ಎದ್ದು ಬಂದೆ.